ರಂಗಬೆಳಕಿನ ತರಬೇತಿಗೆ ಹಣ ಕಟ್ಟುವ ಮೊದಲು ಇದನ್ನು ಓದಿ

ಬೆಂಗಳೂರಿನಲ್ಲಿ ಮೂರು ತಿಂಗಳ ರಂಗಬೆಳಕು ವಿನ್ಯಾಸ ತರಬೇತಿಗೆಂದು ನಾನು 48,000 ರೂಪಾಯಿ ಕಟ್ಟಿದೆ. ಅಮ್ಮ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಕೊಟ್ಟ ಹಣ ಅದು. ಆ ಮೂರು ತಿಂಗಳಲ್ಲಿ ನಾವು ಒಂದೇ ಒಂದು ನಾಟಕಕ್ಕೂ ಬೆಳಕು ಮಾಡಲಿಲ್ಲ. ನಾಟಕದ ಮಾತಿರಲಿ, ರಂಗದ ಮೇಲೆ ನಿಂತ ಒಬ್ಬ ನಟನ ಮುಖದತ್ತಲೂ ದೀಪ ತಿರುಗಿಸಲಿಲ್ಲ. ಈಗ ಅದೇ ತರಬೇತಿಯ ಹೊಸ ತಂಡಕ್ಕೆ ಪ್ರವೇಶ ಆರಂಭವಾಗಿದೆ ಎಂಬ ಜಾಹೀರಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಕಾಲೇಜು ನಾಟಕಗಳಲ್ಲಿ ಬೆಳಕಿನ ಕೆಲಸ ಹಿಡಿದು, ಇದನ್ನೇ ವೃತ್ತಿ ಮಾಡಿಕೊಳ್ಳಬೇಕೆಂದು ಹಂಬಲಿಸುವ ಹುಡುಗ ಹುಡುಗಿಯರು ನನ್ನಂತೆಯೇ ಊರು ಬಿಟ್ಟು ಬರುತ್ತಾರೆ. ಅವರ ಕಣ್ಣಿಗೆ ಇದು ಬೀಳಲಿ.

ತರಗತಿ ನಡೆಯುತ್ತಿದ್ದುದು ನಗರದ ಅಂಚಿನ ಒಂದು ಗೋದಾಮಿನಲ್ಲಿ. ಮೊದಲ ವಾರ ಪ್ರೊಜೆಕ್ಟರ್‌ನಲ್ಲಿ ಬಣ್ಣದ ಚಕ್ರ ತೋರಿಸಿದರು, ಲ್ಯಾಪ್‌ಟಾಪ್‌ನಲ್ಲಿ ಕಾಲ್ಪನಿಕ ವೇದಿಕೆ ಕಟ್ಟಿ ದೀಪಗಳನ್ನು ಕುಣಿಸುವುದನ್ನು ಕಲಿಸಿದರು. ದೀಪಗಳಿಗೆ ಆಜ್ಞೆ ಕಳಿಸುವ ಡಿಎಂಎಕ್ಸ್ ಎಂಬ ಡಿಜಿಟಲ್ ವ್ಯವಸ್ಥೆ ಎಂದರೇನು, ಒಂದು ಕೇಬಲ್ಲಿನಲ್ಲಿ 512 ಚಾನೆಲ್‌ಗಳು ಹೇಗೆ ಸಾಗುತ್ತವೆ, ಪ್ರತಿ ದೀಪಕ್ಕೂ ವಿಳಾಸ ಕೊಡುವುದು ಹೇಗೆ ಎಂಬುದನ್ನು ಚೆನ್ನಾಗಿಯೇ ಹೇಳಿಕೊಟ್ಟರು. ಅಷ್ಟನ್ನು ಒಪ್ಪಿಕೊಳ್ಳುತ್ತೇನೆ. ಎರಡನೆಯ ವಾರದಿಂದ ‘ಪ್ರಾಯೋಗಿಕ ತರಗತಿ’ ಶುರುವಾಯಿತು. ಬೆಳಗಿನ ಜಾವ ನಾಲ್ಕಕ್ಕೆ ಲಾರಿಗೆ ಪೆಟ್ಟಿಗೆ ಏರಿಸುವುದು, ಮದುವೆ ಮಂಟಪದಲ್ಲಿ, ಕಂಪನಿಗಳ ವಾರ್ಷಿಕೋತ್ಸವದಲ್ಲಿ ದೀಪ ತೂಗುವ ಲೋಹದ ಚೌಕಟ್ಟು, ಅಂದರೆ ಟ್ರಸ್ ಕಟ್ಟುವುದು, ನಡುರಾತ್ರಿ ಎಲ್ಲವನ್ನೂ ಬಿಚ್ಚಿ ಮತ್ತೆ ತುಂಬುವುದು. ನನ್ನ ದಿನಚರಿಯ ಪುಸ್ತಕದಲ್ಲಿ ಅಂಥ 22 ಕಾರ್ಯಕ್ರಮಗಳಿವೆ. ಸಂಬಳಕ್ಕೆ ಆಳು ಇಟ್ಟುಕೊಳ್ಳಬೇಕಾದ ಕೆಲಸವನ್ನು ಅವರು ನಮ್ಮಿಂದಲೇ ಹಣ ಪಡೆದು ಮಾಡಿಸಿಕೊಂಡರು.

ಇದಕ್ಕಿಂತ ದೊಡ್ಡ ತಪ್ಪು ವಿದ್ಯುತ್ತಿನ ವಿಷಯದ್ದು. ಪಾರ್ ಎಂದು ಕರೆಯುವ ಒಂದು ರಂಗದೀಪ 1000 ವಾಟಿನದಾದರೆ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 15 ಆಂಪಿಯರ್ ಪ್ಲಗ್ಗಿಗೆ ಮೂರು ದೀಪ ಹಾಕಬಹುದು, ನಾಲ್ಕು ಹಾಕಿದರೆ ಮಿತಿ ದಾಟುತ್ತದೆ. ಶಾಲೆಯ ಮಕ್ಕಳೂ ಮಾಡಬಲ್ಲ ಲೆಕ್ಕ. ಈ ಲೆಕ್ಕವನ್ನು ನಮಗೆ ಯಾರೂ ಹೇಳಲಿಲ್ಲ. ಒಂದು ಸಂಜೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ನಾಲ್ಕು ದೀಪ ಸಿಕ್ಕಿಸಿದೆವು. ಹೊರೆ ಹೆಚ್ಚಾದಾಗ ವಿದ್ಯುತ್ ಕಡಿಯಬೇಕಾದ ಎಂಸಿಬಿ ಸ್ವಿಚ್ ಬೀಳಲಿಲ್ಲ, ತಂತಿಯ ಹೊದಿಕೆ ಕರಗಿ ವಾಸನೆ ಬಂತು. ಆಗ ಬೋಧಕರು ಮಾಡಿದ್ದು ಬೋರ್ಡ್ ಬದಲಿಸಿದ್ದು ಮಾತ್ರ.

ಎರಡನೆಯ ತಿಂಗಳಲ್ಲಿ ನನ್ನ ಸಹಪಾಠಿಯೊಬ್ಬಳು ಏಣಿಯ ಮೇಲೆ ನಿಂತು ದೀಪ ತಿರುಗಿಸುವಾಗ ಶಾಕ್ ಹೊಡೆದು ಆರಡಿ ಎತ್ತರದಿಂದ ಬಿದ್ದಳು. ಆಮೇಲೆ ನೋಡಿದರೆ ಆ ದೀಪದ ಪ್ಲಗ್ಗಿನಲ್ಲಿ ಅರ್ಥಿಂಗ್ ಪಿನ್ನೇ ಇರಲಿಲ್ಲ. ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಲಿ ಎಂದು ಯಾರೋ ಮುರಿದಿದ್ದರು. ಏಣಿಯ ಬುಡವನ್ನು ಯಾರೂ ಹಿಡಿದಿರಲಿಲ್ಲ, ಕೈಗವಸು ಇರಲಿಲ್ಲ, ಮೇಲಿನ ದೀಪಗಳಿಗೆ, ಕಳಚಿದರೂ ಬೀಳದಂತೆ ಹಿಡಿಯುವ ಸೇಫ್ಟಿ ಚೈನ್ ಕೂಡ ಇರಲಿಲ್ಲ. ಅವಳ ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಆಸ್ಪತ್ರೆಯ ಖರ್ಚು ಕೇಳಿದಾಗ, ಪ್ರವೇಶ ಪಡೆಯುವಾಗ ನಾವೇ ಸಹಿ ಮಾಡಿದ್ದ ಅರ್ಜಿಯನ್ನು ಮುಂದಿಟ್ಟರು. ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ, ತರಬೇತಿಯ ವೇಳೆ ನಡೆಯುವ ಅವಘಡಕ್ಕೆ ಸಂಸ್ಥೆ ಹೊಣೆಯಲ್ಲ ಎಂದಿತ್ತು. ನಾವು ಏಳು ಜನರಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ.

ಪ್ರಮಾಣಪತ್ರ ಹಿಡಿದುಕೊಂಡು ನಮ್ಮ ಜಿಲ್ಲೆಯ ಒಂದು ಹವ್ಯಾಸಿ ತಂಡಕ್ಕೆ ಹೋದೆ. ನಿರ್ದೇಶಕರು ನಾಟಕದ ಪ್ರತಿ ಕೈಗಿಟ್ಟು, ಓದಿಕೊಂಡು ಕ್ಯೂ ಶೀಟ್, ಅಂದರೆ ಯಾವಾಗ ಯಾವ ದೀಪ ಎಂಬ ಪಟ್ಟಿ, ಬರೆದು ತರಲು ಹೇಳಿದರು. ನಾಟಕವನ್ನು ಬೆಳಕಿಗಾಗಿ ಓದುವುದು ಹೇಗೆಂದೇ ನನಗೆ ಗೊತ್ತಿರಲಿಲ್ಲ. ಎಲ್ಲಿ ಹೊತ್ತು ಬದಲಾಗುತ್ತದೆ, ಯಾರ ಮಾತಿನ ಕೊನೆಯಲ್ಲಿ ದೀಪ ಇಳಿಯಬೇಕು, ಆ ಇಳಿತ ಎರಡು ಸೆಕೆಂಡಿನದೋ ಹತ್ತು ಸೆಕೆಂಡಿನದೋ, ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಪ್ರತಿ ದೃಶ್ಯಕ್ಕೂ ಒಂದೊಂದು ಬಣ್ಣ ಬರೆದುಕೊಂಡು ಹೋದೆ. ಆ ತಂಡದಲ್ಲಿ ವರ್ಷಗಟ್ಟಲೆ ಬೆಳಕು ಮಾಡಿದ ಹಿರಿಯರೊಬ್ಬರಿದ್ದರು. ಹಾಳೆ ನೋಡಿದ ಅವರು ಬೈಯಲಿಲ್ಲ. “ನೋಡಮ್ಮಾ, ಎಲ್ಲ ದೀಪ ನಂದಿಸು. ಒಂದೇ ಒಂದು ದೀಪ ತೆಗೆದುಕೋ” ಎಂದರು.

ಅದು ಅಂಚು ಮೃದುವಾದ ಬೆಳಕು ಬೀರುವ, 500 ವಾಟಿನ ಹಳೆಯ ಫ್ರೆನೆಲ್ ದೀಪ. ರಂಗದ ನಡುವೆ ಒಬ್ಬ ನಟನನ್ನು ಕುರ್ಚಿಯಲ್ಲಿ ಕೂರಿಸಿದರು. ಮೊದಲು ಎದುರಿನಿಂದ, 45 ಡಿಗ್ರಿ ಎತ್ತರದಿಂದ ಬೆಳಕು ಬಿಟ್ಟರು: ಮುಖ ಚೆನ್ನಾಗಿ ಕಂಡಿತು, ಹುಬ್ಬಿನ ಕೆಳಗೆ ಸ್ವಲ್ಪವೇ ನೆರಳು. ಪಕ್ಕದಿಂದ ಬಿಟ್ಟಾಗ ಅದೇ ಮನುಷ್ಯ ಏನನ್ನೋ ಮುಚ್ಚಿಡುತ್ತಿದ್ದಾನೆ ಅನ್ನಿಸಿತು. ನೆತ್ತಿಯ ಮೇಲಿನಿಂದ ಬಿಟ್ಟರೆ ಕಣ್ಣು ಗುಳಿ ಬಿದ್ದು ಹತ್ತು ವರ್ಷ ಹೆಚ್ಚು ವಯಸ್ಸಾದಂತೆ ಕಂಡ. ಹಿಂದಿನಿಂದ ಬಿಟ್ಟರೆ ಮುಖವೇ ಇಲ್ಲ, ಆಕಾರವಷ್ಟೇ. ಆಮೇಲೆ ನಟನಿಗೆ ಬಿಳಿ ಪಂಚೆ ಉಡಿಸಿ, ಮತ್ತೆ ಎದುರಿನ ಬೆಳಕಿಗೆ ತಂದು, ನನ್ನನ್ನು ಕೊನೆಯ ಸಾಲಿನಲ್ಲಿ ಕೂರಿಸಿದರು. ನನ್ನ ಕಣ್ಣು ಮುಖಕ್ಕೆ ಹೋಗದೆ ಪಂಚೆಗೇ ಹೋಗುತ್ತಿತ್ತು. ಬಿಳಿ ಬಟ್ಟೆ ಅಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪು ಬಣ್ಣದ ಮುಖ ಅದರ ಮುಂದೆ ಇನ್ನಷ್ಟು ಕಪ್ಪಾಗುತ್ತದೆ. ದೀಪದ ಮುಂದಿನ ಲೋಹದ ರೆಕ್ಕೆಯನ್ನು ಮಡಿಸಿ ಪಂಚೆಯ ಮೇಲಿನ ಬೆಳಕನ್ನು ಕತ್ತರಿಸಿದ ಕ್ಷಣ ಮುಖ ಮೇಲೆದ್ದು ಬಂತು. ನನ್ನ ಗಂಟಲು ಕಟ್ಟಿತು. ಮೂರು ತಿಂಗಳು ಪೆಟ್ಟಿಗೆ ಹೊತ್ತರೂ ಸಿಗದ ವಿದ್ಯೆ ಒಂದು ಗಂಟೆಯಲ್ಲಿ, ಒಂದು ಹಳೆಯ ದೀಪದಲ್ಲಿ ಸಿಕ್ಕಿತ್ತು. ಕೋಲ್ಕತ್ತದ ಬೆಳಕು ವಿನ್ಯಾಸಕ ತಾಪಸ್ ಸೇನ್ 1959ರಲ್ಲಿ ‘ಅಂಗಾರ್’ ನಾಟಕಕ್ಕಾಗಿ ಗಣಿಯೊಳಗೆ ನೀರು ಏರುವುದನ್ನು ಬರೀ ಬೆಳಕಿನಿಂದ ತೋರಿಸಿದ ಕಥೆಯನ್ನೂ ಅವರು ಅವತ್ತೇ ಹೇಳಿದರು. ಆಗ ಕಂಪ್ಯೂಟರೂ ಇರಲಿಲ್ಲ, ಕುಣಿಯುವ ದೀಪಗಳೂ ಇರಲಿಲ್ಲ.

ಆದ್ದರಿಂದ ಹಣ ಕಟ್ಟುವ ಮೊದಲು ಕೇಳಿ: ತರಬೇತಿಯ ಅವಧಿಯಲ್ಲಿ ಎಷ್ಟು ನಾಟಕಗಳಿಗೆ ನಾವು ಬೆಳಕು ಮಾಡುತ್ತೇವೆ? ಅದರಲ್ಲಿ ಪೂರ್ತಿ ನಮ್ಮದೇ ವಿನ್ಯಾಸದ್ದು ಎಷ್ಟು? ತಾಲೀಮಿನಲ್ಲಿ ಕೂರಲು ಬಿಡುತ್ತೀರಾ? ಬೋಧಕರು ಬೆಳಕು ಮಾಡಿದ ನಾಟಕ ಎಲ್ಲಿ ನಡೆಯುತ್ತಿದೆ ಎಂದು ವಿಚಾರಿಸಿ, ಟಿಕೆಟ್ ಕೊಂಡು ಹೋಗಿ ನೋಡಿ. ಹಿಂದಿನ ತಂಡದ ಇಬ್ಬರ ಫೋನ್ ನಂಬರ್ ಕೇಳಿ, ಕೊಡಲು ತಡವರಿಸಿದರೆ ಅಲ್ಲಿಂದಲೇ ಹಿಂತಿರುಗಿ. ಗೋದಾಮಿಗೆ ಹೋದಾಗ ಪ್ಲಗ್ಗುಗಳ ಮೂರನೆಯ ಪಿನ್ ಇದೆಯೇ, ತೂಗಿದ ಪ್ರತಿ ದೀಪಕ್ಕೂ ಚೈನ್ ಇದೆಯೇ ಎಂದು ಕಣ್ಣಾರೆ ನೋಡಿ. ಸಂಕೋಚ ಬೇಡ, ಮೇಲೆ ಹತ್ತಬೇಕಾದವರು ನೀವು. ಅರ್ಜಿಯ ಕೊನೆಯ ಪುಟವನ್ನು ಮನೆಗೆ ತಂದು ಓದಿ.

ಮೂರು ತಿಂಗಳಲ್ಲಿ ವಿನ್ಯಾಸಕರಾಗುತ್ತೀರಿ ಎಂಬ ಮಾತನ್ನಂತೂ ನಂಬಬೇಡಿ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಮೈಸೂರಿನ ರಂಗಾಯಣದಲ್ಲಿ, ಸಾಣೇಹಳ್ಳಿಯಲ್ಲಿ ರಂಗಶಾಲೆಗಳಿವೆ, ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರವಿದೆ. ಅಲ್ಲಿ ಬೆಳಕನ್ನು ನಟನೆ, ರಂಗಸಜ್ಜಿಕೆಗಳ ಜೊತೆಗೇ ಕಲಿಯಬೇಕಾಗುತ್ತದೆ. ಬೆಳಕು ಮಾತ್ರ ಬೇಕು ಎನ್ನುವವರಿಗೆ ಅದು ಸುತ್ತು ದಾರಿ ಎನಿಸಬಹುದು. ನನಗೂ ಹಾಗೆಯೇ ಅನ್ನಿಸಿ ಗೋದಾಮಿಗೆ ಹೋಗಿದ್ದೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಚಾರಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಸಿದ್ಧವಾಗುತ್ತಿದ್ದೇವೆ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ನಮಗಿನ್ನೂ ಸಮಯವಿದೆ. ನಮ್ಮ ಏಳು ಜನರಲ್ಲಿ ರಸೀದಿ ಇರುವುದು ನಾಲ್ವರ ಬಳಿ. ಉಳಿದ ಮೂವರು ರಿಯಾಯಿತಿ ಸಿಗುತ್ತದೆಂದು ನಗದು ಕೊಟ್ಟಿದ್ದರು. ಮಣಿಕಟ್ಟು ಮುರಿದುಕೊಂಡವಳು ಆ ಮೂವರಲ್ಲಿ ಒಬ್ಬಳು.