ಒಂದು ಫೋನ್, ಹಲವು ಕಿವಿ: ಡ್ಯುಯಲ್ ಆಡಿಯೋ, ಔರಾಕಾಸ್ಟ್, ವೈ-ಫೈ

ಒಂದೇ ಫೋನಿನ ಹಾಡನ್ನೋ ಸಿನಿಮಾವನ್ನೋ ಹಲವರು ಒಟ್ಟಿಗೆ ಕೇಳಲು ಈಗ ಮೂರು ದಾರಿಗಳಿವೆ. ಮೂರನ್ನೂ ಬಳಸಿ ನೋಡಿದ ಮೇಲೆ ಹೇಳುವುದಾದರೆ, ಕೇಳುವವರು ಎಷ್ಟು ಜನ ಎನ್ನುವಷ್ಟೇ ಮುಖ್ಯ, ಅವರು ಕೂತಲ್ಲೇ ಇರುತ್ತಾರೋ ಓಡಾಡುತ್ತಾರೋ ಎನ್ನುವುದು.

ಡ್ಯುಯಲ್ ಆಡಿಯೋ ಎಲ್ಲಕ್ಕಿಂತ ಸುಲಭ. ಸ್ಯಾಮ್‌ಸಂಗ್ ಫೋನುಗಳಲ್ಲಿ ಇದು 2017ರ ಗ್ಯಾಲಕ್ಸಿ ಎಸ್8ನಿಂದಲೇ ಇದೆ. ಎರಡು ಬ್ಲೂಟೂತ್ ಇಯರ್‌ಫೋನ್ ಪೇರ್ ಮಾಡಿ, ಮೀಡಿಯಾ ಔಟ್‌ಪುಟ್‌ನಲ್ಲಿ ಎರಡಕ್ಕೂ ಟಿಕ್ ಹಾಕಿದರೆ ಆಯಿತು. ಹಳೆಯ, ಅಗ್ಗದ ಇಯರ್‌ಫೋನ್ ಕೂಡ ನಡೆಯುತ್ತದೆ. ಐಫೋನಿನ ಆಡಿಯೋ ಶೇರಿಂಗ್‌ಗಾದರೆ ಏರ್‌ಪಾಡ್ಸ್ ಅಥವಾ ಕೆಲವು ಬೀಟ್ಸ್ ಮಾದರಿಗಳೇ ಬೇಕು. ಎರಡರಲ್ಲೂ ಇಬ್ಬರೇ ಕೇಳಬಹುದು.

ತೊಂದರೆ ಶುರುವಾಗುವುದು ಒಬ್ಬರು ಎದ್ದು ಹೋದಾಗ. ಇಲ್ಲಿ ಫೋನ್ ಅದೇ ಹಾಡನ್ನು ಎರಡು ಸಲ, ಬೇರೆ ಬೇರೆಯಾಗಿ ಕಳಿಸುತ್ತದೆ. ಹಾಡಿನ ಪ್ರತಿ ತುಣುಕಿಗೂ (ಪ್ಯಾಕೆಟ್) 'ತಲುಪಿತು' ಎಂಬ ಉತ್ತರ ಬರಬೇಕು. ಒಬ್ಬರು ಗೋಡೆಯಾಚೆಯ ಅಡುಗೆಮನೆಗೆ ಹೋದರೆ ಉತ್ತರ ಬರುವುದಿಲ್ಲ, ಫೋನ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಆ ಸಮಯವೆಲ್ಲ ಇನ್ನೊಬ್ಬರ ಪಾಲಿನದು. ಹಾಗಾಗಿ ಸೋಫಾದಲ್ಲಿ ಅಲುಗಾಡದೆ ಕೂತವರಿಗೂ ಹಾಡು ತುಂಡು ತುಂಡಾಗುತ್ತದೆ. ಎರಡು ಬೇರೆ ಮಾದರಿಯ ಸ್ಪೀಕರ್ ಜೋಡಿಸಿದರೆ ಒಂದು ತುಸು ಹಿಂದೆ ಬಿದ್ದು ದನಿ ಮಾರ್ದನಿಯಾಗುತ್ತದೆ. ಒಂದೇ ಕೋಣೆಯಲ್ಲಿ ಅದನ್ನು ಕೇಳುವುದು ಕಷ್ಟ.

ಬ್ಲೂಟೂತ್‌ನದೇ ಹೊಸ ಬಿತ್ತರಣೆ ವಿಧಾನವಾದ ಔರಾಕಾಸ್ಟ್ ಈ ಎರಡೂ ತೊಂದರೆಗಳನ್ನು ಬುಡದಲ್ಲೇ ತಪ್ಪಿಸುತ್ತದೆ. ಫೋನ್ ರೇಡಿಯೋ ಕೇಂದ್ರದಂತೆ ಒಂದೇ ಸಲ ಬಿತ್ತರಿಸುತ್ತದೆ, ಯಾರಿಂದಲೂ ಉತ್ತರ ಕೇಳುವುದಿಲ್ಲ. ದೂರ ಹೋದವರಿಗೆ ಮಾತ್ರ ದನಿ ಕಡಿಯುತ್ತದೆ. ಯಾವ ಕ್ಷಣಕ್ಕೆ ದನಿ ಹೊರಡಿಸಬೇಕು ಎಂಬುದೂ ಬಿತ್ತರಣೆಯಲ್ಲೇ ಇರುವುದರಿಂದ ಬೇರೆ ಬೇರೆ ಕಂಪನಿಯ ಸಾಧನಗಳೂ ಜೊತೆಯಾಗಿ ನುಡಿಯುತ್ತವೆ.

ಗ್ಯಾಲಕ್ಸಿ ಎಸ್24ರಂಥ ಫೋನಿನಲ್ಲಿ ಬ್ಲೂಟೂತ್ ಸೆಟ್ಟಿಂಗ್ಸ್‌ನ ಮೂರು ಚುಕ್ಕಿ ಒತ್ತಿ ಔರಾಕಾಸ್ಟ್ ಆಯ್ದು, ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ಪಿಕ್ಸೆಲ್‌ನಲ್ಲಿ ಇದರ ಹೆಸರು ಆಡಿಯೋ ಶೇರಿಂಗ್. ಕ್ಯೂಆರ್ ಕೋಡ್ ತೋರಿಸಿ ಇನ್ನೊಬ್ಬರನ್ನು ಸೇರಿಸಬಹುದು. ಪಾಸ್‌ವರ್ಡ್ ಇಡದಿದ್ದರೆ ಅಕ್ಕಪಕ್ಕದವರೂ ಕೇಳಬಹುದು.

ಕೊಳ್ಳುವಾಗಲೇ ಎಚ್ಚರ ಬೇಕು. ಡಬ್ಬಿಯ ಮೇಲೆ 'ಬ್ಲೂಟೂತ್ 5.3' ಎಂದಿದ್ದರೆ ಸಾಲದು; ಔರಾಕಾಸ್ಟ್‌ಗೆ ಬೇಕಾದ ಎಲ್‌ಇ ಆಡಿಯೋ (ಬ್ಲೂಟೂತ್‌ನ ಹೊಸ ಆಡಿಯೋ ವಿಧಾನ) ಆ ಆವೃತ್ತಿಯಲ್ಲಿ ಕಡ್ಡಾಯವಲ್ಲ. ಔರಾಕಾಸ್ಟ್ ಎಂದೇ ಬರೆದಿರಬೇಕು. ಜೆಬಿಎಲ್ ಫ್ಲಿಪ್ 6 ಸ್ಪೀಕರ್‌ನಲ್ಲಿರುವುದು ಪಾರ್ಟಿಬೂಸ್ಟ್ ಎಂಬ ಆ ಕಂಪನಿಯದೇ ಜೋಡಣೆ ವಿಧಾನ, ಫ್ಲಿಪ್ 7ರಲ್ಲಿರುವುದು ಔರಾಕಾಸ್ಟ್. ಒಂದೇ ಕಂಪನಿಯದಾದರೂ ಇವೆರಡು ಕೂಡುವುದಿಲ್ಲ. ಇಯರ್‌ಬಡ್ಸ್ ಸರಿಯಿದ್ದೂ ಬಿತ್ತರಣೆ ಕಾಣದಿದ್ದರೆ, ಫೋನಿನಲ್ಲಿ ಆ ಇಯರ್‌ಬಡ್ಸ್‌ನ ವಿವರ ತೆರೆದು ಎಲ್‌ಇ ಆಡಿಯೋ ಸ್ವಿಚ್ ಆನ್ ಇದೆಯೇ ನೋಡಿ. ಫೋನನ್ನು ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಇಡಬೇಡಿ. 2.4 ಗಿಗಾಹರ್ಟ್ಸ್ ತರಂಗವನ್ನು ಮೈ ಚೆನ್ನಾಗಿಯೇ ಹೀರುತ್ತದೆ. ಮೇಜಿನ ಮೇಲಿಟ್ಟರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಇಡೀ ಮನೆಗೆ ಹಾಡು ಬೇಕಾದರೆ ವೈ-ಫೈಯೇ ಸರಿ. ಗೂಗಲ್ ಹೋಮ್ ಆಪ್‌ನಲ್ಲಿ ಸ್ಪೀಕರ್‌ಗಳ ಗುಂಪು ಮಾಡಿ ಕಾಸ್ಟ್ ಮಾಡಿದರೆ, ಸ್ಪೀಕರ್‌ಗಳೇ ಇಂಟರ್ನೆಟ್‌ನಿಂದ ಹಾಡು ಎಳೆದುಕೊಳ್ಳುತ್ತವೆ. ಫೋನಿಗೆ ಕರೆ ಬಂದರೂ ಹಾಡು ನಿಲ್ಲದು. ಆದರೆ ಮೊದಲೇ ಒಂದಿಷ್ಟು ಬಫರ್ ಮಾಡಿಕೊಳ್ಳುವುದರಿಂದ ದನಿ ತಡವಾಗಿ ಬರುತ್ತದೆ, ಗೇಮ್ ಆಡಲು ಇದು ಬೇಡ. ಸ್ಪೀಕರ್ ಆನ್ ಇದ್ದೂ ಪಟ್ಟಿಯಲ್ಲಿ ಕಾಣದಿದ್ದರೆ ಫೋನ್ ಗೆಸ್ಟ್ ನೆಟ್‌ವರ್ಕ್‌ನಲ್ಲಿದೆಯೇ, ರೌಟರ್‌ನಲ್ಲಿ ಎಪಿ ಐಸೋಲೇಶನ್ ಆನ್ ಆಗಿದೆಯೇ ನೋಡಿ. ಎರಡರಲ್ಲಿ ಯಾವುದಿದ್ದರೂ ಸಾಧನಗಳು ಒಂದನ್ನೊಂದು ಕಾಣವು.