.32 ಪಿಸ್ತೂಲಿಗೆ ರಿಲೋಡ್ ಮಾಡಿದ ಕಾಡತೂಸು ಕೊಟ್ಟು ನನಗೆ ಮೋಸ ಮಾಡಿದರು: ಕಲಬುರಗಿ ಕಡೆಯ ಲೈಸೆನ್ಸುದಾರರು ದಯವಿಟ್ಟು ಓದಿ

ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಇದನ್ನು ಬರೆಯಬೇಕೋ ಬೇಡವೋ ಎಂದು ಮನೆಯಲ್ಲಿ ದೊಡ್ಡ ವಾದವೇ ಆಯಿತು. "ಊರಲ್ಲಿ ಮಾನ ಹೋಗುತ್ತದೆ, ಸುಮ್ಮನಿರಿ" ಎಂದು ಹೆಂಡತಿ ಹೇಳಿದಳು. ಮಾನ ಹೋದರೆ ಹೋಗಲಿ. ನನ್ನ ಬಲಗೈಯೇ ಹೋಗುವುದಿತ್ತು. ರಿಲೋಡ್ ಎಂದರೆ ಒಮ್ಮೆ ಹಾರಿಸಿದ ಕಾಡತೂಸಿನ ಖಾಲಿ ಹಿತ್ತಾಳೆ ಕೊಳವೆಗೆ (ಕೇಸು) ಮತ್ತೆ ಮದ್ದು, ಗುಂಡು ತುಂಬಿದ್ದು. ನನ್ನ ಹಾಗೆ ನಂಬಿ ಇನ್ನೊಬ್ಬರು ಅಂಥ ಡಬ್ಬಿ ಮನೆಗೆ ತರಬಾರದು ಎಂದು ಬರೆಯುತ್ತಿದ್ದೇನೆ.

ನನ್ನದು ತೊಗರಿ ವ್ಯಾಪಾರ. ಸುಗ್ಗಿಯಲ್ಲಿ ಗಂಜ್ ಮಾರುಕಟ್ಟೆಯಿಂದ ಹಣ ತೆಗೆದುಕೊಂಡು ರಾತ್ರಿ ಹೊತ್ತು ಹಳ್ಳಿಗಳಿಗೆ ಹೋಗುವುದು ತಪ್ಪುವುದಿಲ್ಲ. ಅದಕ್ಕಾಗಿ ಹದಿನಾಲ್ಕು ವರ್ಷದಿಂದ ಲೈಸೆನ್ಸ್ ಇದೆ, ಸರಕಾರಿ ಕಾರ್ಖಾನೆಯಲ್ಲಿ ತಯಾರಾದ .32 ಪಿಸ್ತೂಲು ಇದೆ. ಒಂದು ದಿನವೂ ಅದನ್ನು ಯಾರ ಮೇಲೂ ಎತ್ತಿಲ್ಲ. ಚುನಾವಣೆ ಬಂದಾಗ ಎಲ್ಲರಂತೆ ಠಾಣೆಯಲ್ಲಿ ಜಮೆ ಮಾಡಿ, ರಸೀದಿ ಪಡೆದು, ಮುಗಿದ ಮೇಲೆ ಬಿಡಿಸಿಕೊಂಡು ಬಂದಿದ್ದೇನೆ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಮೆರೆಯುವ ಜಾತಿಯವನಲ್ಲ ನಾನು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಅದಕ್ಕೆ ಎರಡು ವರ್ಷದವರೆಗೆ ಜೈಲಿದೆ ಎಂಬುದು ಎಷ್ಟೋ ಜನರಿಗೆ ಇನ್ನೂ ತಿಳಿದಿಲ್ಲ.

ಹಳೆಯ ಕಾಡತೂಸುಗಳಿಗೆ ವರ್ಷಗಳಾಗಿದ್ದವು. ಹೊಸದು ತರೋಣವೆಂದು ತಂದೆಯವರ ಕಾಲದಿಂದ ವ್ಯವಹಾರವಿರುವ ಅಂಗಡಿಗೆ ಹೋದೆ. ಹೆಸರು ಬರೆಯುವುದಿಲ್ಲ, ದೂರು ವಿಚಾರಣೆಯಲ್ಲಿದೆ. ಲೈಸೆನ್ಸ್ ಇರುವ ಅಂಗಡಿಯೇ, ಕದ್ದುಮುಚ್ಚಿ ಮಾರುವ ಜಾಗವಲ್ಲ. ಇದನ್ನು ಏಕೆ ಒತ್ತಿ ಹೇಳುತ್ತೇನೆಂದರೆ, ಇದನ್ನು ಕೇಳಿದವರೆಲ್ಲ ಮೊದಲು ಕೇಳುವ ಪ್ರಶ್ನೆ "ಕಳ್ಳ ಮಾಲು ತಂದಿರೇನು?" ಎಂಬುದೇ. ಇಲ್ಲ. ಬಿಲ್ಲು ಕೊಟ್ಟರು. ಲೈಸೆನ್ಸ್ ಪುಸ್ತಕದಲ್ಲಿ 25 ಎಂದು ಬರೆದು ಮೊಹರು ಒತ್ತಿದರು. ಆ ಮೊಹರು ನೋಡಿಯೇ ನಾನು ಕಣ್ಣು ಮುಚ್ಚಿದ್ದು.

ಡಬ್ಬಿಯ ಸೀಲು ಒಡೆದಿತ್ತು. ಕೇಳಿದೆ. "ಎಣಿಸಿ ನೋಡಲು ತೆರೆದಿದ್ದೆವು ಸಾಹುಕಾರರೇ, ನಿಮಗೆ ಬೇರೆ ಮಾಲು ಕೊಡುತ್ತೇವೆಯೇ?" ಎಂದರು. ಒಂದೊಂದಕ್ಕೆ ಇಪ್ಪತ್ತು ರೂಪಾಯಿ ಕಡಿಮೆ ಹಿಡಿದರು. ಏಕೆ ಎಂದು ಕೇಳಿದ್ದಕ್ಕೆ "ಹಳೆಯ ಗಿರಾಕಿ" ಎಂದು ನಕ್ಕರು. ಅದೇ ನಗು ಈಗ ಕಣ್ಣ ಮುಂದೆ ಬಂದರೆ ಮೈ ಉರಿಯುತ್ತದೆ. ಬೇಳೆಗೆ ಎಣ್ಣೆ ಸವರಿ ಹೊಳಪು ಕೊಟ್ಟಿದ್ದಾರೋ ಇಲ್ಲವೋ ಎಂಬುದನ್ನು ಒಂದು ಹಿಡಿ ಕೈಗೆತ್ತಿಕೊಂಡು ಹೇಳುವವನು ನಾನು. ಹಿತ್ತಾಳೆಗೆ ಹೊಳಪು ಕೊಟ್ಟದ್ದು ಗೊತ್ತಾಗಲಿಲ್ಲ.

ಮುಂದಿನ ತಿಂಗಳು ಅಣ್ಣನ ಮಗನ ಜೊತೆ ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಹೋದೆ. ಅಲ್ಲಿಯ ಒಂದು ರೇಂಜಿನಲ್ಲಿ ವರ್ಷಕ್ಕೊಮ್ಮೆ ಗುರಿ ಅಭ್ಯಾಸ ಮಾಡುತ್ತೇನೆ, ಲೈಸೆನ್ಸಿಗೆ ತೆಲಂಗಾಣದಲ್ಲೂ ಮಾನ್ಯತೆ ಇದೆ. ಮೊದಲ ನಾಲ್ಕು ಗುಂಡು ಸರಿಯಾಗಿ ಹಾರಿದವು. ಒಂದರ ಸದ್ದು ಜೋರು, ಇನ್ನೊಂದರದು ಮೆತ್ತಗೆ. ಕಿವಿಗೆ ರಕ್ಷಣೆ ಹಾಕಿಕೊಂಡಿದ್ದರಿಂದ ಹಾಗೆ ಕೇಳುತ್ತಿರಬೇಕು ಎಂದುಕೊಂಡೆ. ಐದನೆಯದು "ಟಪ್" ಎಂದಿತು. ಅಷ್ಟೇ. ಕೈಗೆ ಒದೆತವೇ ಇಲ್ಲ. ಪ್ರತಿ ಗುಂಡಿಗೂ ಹಿಂದೆ ಮುಂದೆ ಓಡುವ ಪಿಸ್ತೂಲಿನ ಮೇಲಿನ ಭಾಗ, ಸ್ಲೈಡ್, ಅಲುಗಲಿಲ್ಲ. ಖಾಲಿ ಕೇಸು ಹೊರಗೆ ಹಾರಲಿಲ್ಲ. ಸಂದಿಯಿಂದ ಒಂದು ಎಳೆ ಹೊಗೆ ಬಂತು.

ಇಂಥ ಹೊತ್ತಿನಲ್ಲಿ ಕೈ ಏನು ಮಾಡುತ್ತದೆ ಎಂದು ಪಿಸ್ತೂಲು ಹಿಡಿದವರಿಗೆಲ್ಲ ಗೊತ್ತು. ಗುಂಡು ಹಾರದಿದ್ದರೆ ಹಿಡಿಯೊಳಗೆ ಕಾಡತೂಸು ಇರುವ ಮ್ಯಾಗಜಿನ್ ಬುಡಕ್ಕೆ ತಟ್ಟಿ, ಸ್ಲೈಡ್ ಎಳೆದುಬಿಟ್ಟು, ಮತ್ತೆ ಗುರಿ ಹಿಡಿಯಬೇಕೆಂದೇ ನಮಗೆ ಕಲಿಸಿದ್ದು. ನಾನೂ ಹಾಗೆಯೇ ಎಳೆದೆ. ಹೊಸ ಕಾಡತೂಸು ಆರಾಮವಾಗಿ ಒಳಗೆ ಕೂತಿತು. ಬೆರಳು ಟ್ರಿಗರ್ ಮೇಲೆ ಹೋಯಿತು. ಅಷ್ಟರಲ್ಲಿ ರೇಂಜಿನ ಅಧಿಕಾರಿ ಹಿಂದಿನಿಂದ ಬಂದು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು. "ಬೆರಳು ತೆಗೆಯಿರಿ! ಪಿಸ್ತೂಲಿನ ಬಾಯಿ ಗುರಿಯ ಕಡೆಗೇ ಇರಲಿ!" ಎಂದು ಕೂಗಿದರು. ಎಲ್ಲರೆದುರು ಹಾಗೆ ಕೂಗಿದ್ದಕ್ಕೆ ನನಗೆ ಮೊದಲು ಬಂದದ್ದು ಸಿಟ್ಟು. ಅದನ್ನು ಹೇಳಲು ಈಗ ನಾಚಿಕೆಯಾಗುತ್ತದೆ.

ಅವರು ಮ್ಯಾಗಜಿನ್ ತೆಗೆದರು, ಒಳಗಿದ್ದ ಕಾಡತೂಸು ತೆಗೆದರು, ಸ್ಲೈಡ್ ಬಿಚ್ಚಿ ನಳಿಕೆಯನ್ನು ಕೈಗೆತ್ತಿಕೊಂಡು ಹಿಂಬದಿಯಿಂದ ಟಾರ್ಚ್ ಬಿಟ್ಟರು. ಬೆಳಕು ಆಚೆ ಹಾಯಲಿಲ್ಲ. ನನ್ನ ಕೈಗೆ ಕೊಟ್ಟು "ನೀವೇ ನೋಡಿ" ಎಂದರು. ನೋಡಿದೆ. ನಳಿಕೆಯ ಅರ್ಧ ದಾರಿಯಲ್ಲಿ ಗುಂಡು ಸಿಕ್ಕಿಕೊಂಡು ಕೂತಿತ್ತು. ಅದರ ಹಿಂದೆ ನಾನು ಇನ್ನೊಂದು ಗುಂಡು ಹಾರಿಸುವವನಿದ್ದೆ. ಹಾರಿಸಿದ್ದರೆ ನಳಿಕೆ ನನ್ನ ಕೈಯಲ್ಲೇ ಸಿಡಿಯಬಹುದಿತ್ತು. ಅಣ್ಣನ ಮಗ ಏನೂ ಮಾತಾಡಲಿಲ್ಲ, "ಕಾಕಾ" ಎಂದು ಒಂದೇ ಸಲ ಕರೆದು ಗೋಡೆಗೆ ಒರಗಿ ನಿಂತ.

ಆಗಿದ್ದು ಇಷ್ಟು. ಕೇಸಿನಲ್ಲಿ ಮದ್ದು ತುಂಬುವುದನ್ನೇ ಮರೆತಿದ್ದರು, ಇಲ್ಲವೇ ತೀರಾ ಕಡಿಮೆ ತುಂಬಿದ್ದರು. ಮದ್ದಿಗೆ ಕಿಡಿ ಹೊತ್ತಿಸಲು ಕೇಸಿನ ಬುಡದಲ್ಲಿರುವ ಪ್ರೈಮರ್ ಸಿಡಿದ ಶಕ್ತಿ ಗುಂಡನ್ನು ನಳಿಕೆಯೊಳಗೆ ತಳ್ಳುವಷ್ಟು ಸಾಕು, ಹೊರಗೆ ಹಾಕುವಷ್ಟು ಸಾಲದು. ಆ ಕೇಸಿನ ಪಕ್ಕವೆಲ್ಲ ಮಸಿ ಹಿಡಿದಿತ್ತು. ಒತ್ತಡ ಸರಿಯಾಗಿದ್ದರೆ ಹಿತ್ತಾಳೆ ಉಬ್ಬಿ ಕಾಡತೂಸು ಕೂರುವ ಛೇಂಬರಿನ ಗೋಡೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಹೊಗೆ ಹಿಂದಕ್ಕೆ ಬರುವುದಿಲ್ಲ. ಮದ್ದು ಹೆಚ್ಚಾಗಿದ್ದರೆ ಇನ್ನೂ ಕೆಡುಕು. .32ರಂಥ ಪಿಸ್ತೂಲುಗಳಲ್ಲಿ ಹೆಚ್ಚಿನವಕ್ಕೆ ಗುಂಡಿನ ಹಿಂದೆ ಬೀಗವೇ ಇರುವುದಿಲ್ಲ. ಸ್ಲೈಡಿನ ತೂಕ, ಸ್ಪ್ರಿಂಗಿನ ಬಿಗಿ, ಇವೆರಡೇ ತಡೆ. ಮಿತಿಮೀರಿದ ಒತ್ತಡಕ್ಕೆ ಹಲವು ಸಲ ಬಳಸಿದ ಹಿತ್ತಾಳೆ ಬುಡದಲ್ಲಿ ಸೀಳಿದರೆ ಬೆಂಕಿ ಮ್ಯಾಗಜಿನ್ ದಾರಿಯಲ್ಲಿ ಅಂಗೈಗೇ ಇಳಿಯುತ್ತದೆ. ಇನ್ನೊಂದು: ಗುಂಡನ್ನು ಕೇಸಿನ ಬಾಯಿ ಬಿಗಿಯಾಗಿ ಹಿಡಿದಿರದಿದ್ದರೆ, ಸ್ಲೈಡ್ ರಭಸದಿಂದ ಒಳಗೆ ನೂಕುವಾಗ ಗುಂಡೇ ಹಿಂದಕ್ಕೆ ಸರಿದು ಕೇಸಿನೊಳಗೆ ಕೂರುತ್ತದೆ. ಒಳಗಿನ ಜಾಗ ಕಡಿಮೆಯಾದಷ್ಟೂ ಒತ್ತಡ ಏರುತ್ತದೆ. ಅರೆ ಸ್ವಯಂಚಾಲಿತ ಪಿಸ್ತೂಲು ತನ್ನ ಕೆಲಸವನ್ನೆಲ್ಲ ಕಾಡತೂಸಿನ ಶಕ್ತಿಯಿಂದಲೇ ಮಾಡುತ್ತದೆ, ಕಾಡತೂಸು ಹೆಚ್ಚು ಕಡಿಮೆಯಾದರೆ ಪಿಸ್ತೂಲು ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನವಿಲ್ಲ.

ಉಳಿದ ಕಾಡತೂಸುಗಳನ್ನು ಅವರು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಭೂತಗನ್ನಡಿ ಕೊಟ್ಟರು. ಬುಡದ ಅಚ್ಚು ಒಂದರದ್ದು ಒಂದು ಬಗೆ, ಇನ್ನೊಂದರದ್ದು ಇನ್ನೊಂದು. ಒಂದೇ ಡಬ್ಬಿಯ ಕಾರ್ಖಾನೆ ಮಾಲು ಹಾಗೆ ಇರುವುದಿಲ್ಲ. ಅಂಚಿನ ಮೇಲೆ ಹಳೆಯ ಗೀರುಗಳು, ಒಂದೊಂದರಲ್ಲಿ ಎರಡು ಮೂರು ಕಡೆ. ಕೇಸನ್ನು ಹೊರಗೆಳೆಯುವ ಕೊಕ್ಕೆ ಹಿಡಿದ ಗುರುತು ಅದು. ಹೊಸ ಕಾಡತೂಸಿಗೆ ಎಲ್ಲಿಂದ ಬರಬೇಕು? ಪ್ರೈಮರ್ ಮಾತ್ರ ಫಳಫಳ, ಸುತ್ತಲಿನ ಹಿತ್ತಾಳೆಗೆ ಮುದಿ ಬಣ್ಣ. ಇಷ್ಟೆಲ್ಲ ಕಣ್ಣೆದುರೇ ಇತ್ತು. ಒಂದು ತಿಂಗಳು ನನ್ನ ಕಪಾಟಿನಲ್ಲೇ ಇತ್ತು.

ಮರುದಿನ ಅಂಗಡಿಗೆ ಹೋದೆ. ಅವರ ಉತ್ತರಗಳನ್ನು ಅವರು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಮೊದಲು, "ನಿಮ್ಮ ಸ್ಪ್ರಿಂಗ್ ಸಡಿಲಾಗಿದೆ." ಸ್ಪ್ರಿಂಗ್ ಸಡಿಲಾದರೆ ನಳಿಕೆಯಲ್ಲಿ ಗುಂಡು ಸಿಕ್ಕಿಕೊಳ್ಳುತ್ತದೆಯೇ ಎಂದೆ. ಆಮೇಲೆ, "ಹೊಸದೆಂದು ಬಿಲ್ಲಿನಲ್ಲಿ ಬರೆದಿದ್ದೇವೆಯೇ?" ಬಿಲ್ಲು ತೆಗೆದು ನೋಡಿದೆ. ಬರೆದಿರಲಿಲ್ಲ. ".32 ಕಾಡತೂಸು, 25" ಅಷ್ಟೇ. ಕಾರ್ಖಾನೆಯ ಹೆಸರಿಲ್ಲ, ಲಾಟ್ ಸಂಖ್ಯೆ ಇಲ್ಲ. ಆ ಕ್ಷಣ ನೆಲ ಬಾಯಿಬಿಡಬಾರದೇ ಅನಿಸಿತು. ದಿನಕ್ಕೆ ಇಪ್ಪತ್ತು ಬಿಲ್ಲು ಬರೆಯುವವನು ನಾನು, ನನ್ನ ಬಿಲ್ಲನ್ನೇ ಓದಿರಲಿಲ್ಲ. ಮೂರನೆಯ ಮಾತು, "ಅಮೆರಿಕದಲ್ಲಿ ಎಲ್ಲರೂ ರಿಲೋಡ್ ಮಾಡಿಕೊಂಡೇ ಹೊಡೆಯುತ್ತಾರೆ ಸಾಹುಕಾರರೇ, ಅದೇನು ವಿಷವೇ?"

ಹೌದು, ಅಲ್ಲಿ ಬಹಳ ಜನ ಮಾಡುತ್ತಾರೆ. ತಮ್ಮ ಮೇಜಿನ ಮೇಲೆ, ತಮ್ಮ ತಕ್ಕಡಿಯಲ್ಲಿ ತೂಗಿ, ತಮ್ಮದೇ ಬಂದೂಕಿಗೆ, ತಮಗೆ ಗೊತ್ತಿದ್ದು ಮಾಡಿಕೊಳ್ಳುತ್ತಾರೆ. ಅಲ್ಲಿಯ ಪಿಸ್ತೂಲು ಕಂಪನಿಗಳೇ ತಮ್ಮ ಕೈಪಿಡಿಯಲ್ಲಿ ರಿಲೋಡ್ ಬಳಸಬೇಡಿ ಎಂದು ಅಚ್ಚು ಹಾಕುತ್ತವೆ. ನನಗೆ ಕೊಟ್ಟದ್ದು ಯಾರು, ಎಲ್ಲಿ, ಯಾವ ಮದ್ದು ತುಂಬಿದ್ದೆಂದು ಅಂಗಡಿಯವರಿಗೂ ಹೇಳಲಾಗಲಿಲ್ಲ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದೇ ಅಪರಾಧ. 2019ರ ನಂತರ ಅದಕ್ಕೆ ಕನಿಷ್ಠ ಏಳು ವರ್ಷ ಜೈಲು. ಇದನ್ನು ಹೇಳಿದಾಗ ಅವರು ಧ್ವನಿ ತಗ್ಗಿಸಿ ಆಡಿದ ಮಾತೇ ಎಲ್ಲಕ್ಕಿಂತ ಚುಚ್ಚಿದ್ದು: "ಠಾಣೆಗೆ ಹೋದರೆ ಮೊದಲು ನಿಮ್ಮ ಲೈಸೆನ್ಸೇ ಹೋಗುತ್ತದೆ, ನೋಡಿಕೊಳ್ಳಿ." ಕೈ ಕಳೆದುಕೊಳ್ಳುವವನಿದ್ದ ಗಿರಾಕಿಯನ್ನು ಹೆದರಿಸುವುದು! ಹೆದರಿ ಎರಡು ದಿನ ಸುಮ್ಮನಿದ್ದದ್ದೂ ನಿಜ. ಆ ಎರಡು ದಿನಕ್ಕಾಗಿ ನನ್ನ ಮೇಲೆ ನನಗೇ ಕೋಪವಿದೆ.

ಸೀಲು ಒಡೆದ ಡಬ್ಬಿ ಮುಟ್ಟಬೇಡಿ. ಬಿಲ್ಲಿನಲ್ಲಿ ತಯಾರಕರ ಹೆಸರು, ಲಾಟ್ ಸಂಖ್ಯೆ ಬರೆಸಿಕೊಳ್ಳದೆ ಹಣ ಕೊಡಬೇಡಿ. ಅಂಗಡಿಯಲ್ಲೇ ಒಂದೊಂದರ ಬುಡ ನೋಡಿ, ಅವರು ನಕ್ಕರೆ ನಗಲಿ. ಕಿವಿಯ ಹತ್ತಿರ ಅಲುಗಿಸಿ ನೋಡುವುದು, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸುವುದು, ಇವನ್ನು ನೆಚ್ಚಬೇಡಿ. .32ರಲ್ಲಿ ಮದ್ದಿನ ತೂಕ ಒಂದು ಗ್ರಾಮಿನ ಐದನೇ ಒಂದು ಭಾಗವೂ ಇರುವುದಿಲ್ಲ, ಹಿತ್ತಾಳೆಯ ಏರುಪೇರಿನಲ್ಲೇ ಅದು ಮುಚ್ಚಿಹೋಗುತ್ತದೆ. ಸದ್ದು ಮೆತ್ತಗಾದರೆ, ಒದೆತ ಕಡಿಮೆಯಾದರೆ ನಿಲ್ಲಿಸಿ. ಸ್ಲೈಡ್ ಎಳೆಯಬೇಡಿ. ಬಾಯಿಯನ್ನು ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ, ಆಮೇಲೆ ಖಾಲಿ ಮಾಡಿಸಿ ನಳಿಕೆ ನೋಡಿಸಿ. ಸ್ಲೈಡ್ ಎಳೆಯಬೇಡಿ ಎಂದು ಇನ್ನೊಮ್ಮೆ ಬರೆಯುತ್ತಿದ್ದೇನೆ, ನನ್ನ ಕೈ ನನ್ನನ್ನು ಕೇಳದೆಯೇ ಎಳೆದಿತ್ತು.

ಮೂರನೆಯ ದಿನ ಠಾಣೆಗೆ ಹೋಗಿ ಲಿಖಿತ ದೂರು ಕೊಟ್ಟೆ. ಉಳಿದ 20 ಕಾಡತೂಸು, ಮಸಿ ಹಿಡಿದ ಆ ಕೇಸು, ನಳಿಕೆಯಿಂದ ತೆಗೆದ ಗುಂಡು, ಬಿಲ್ಲು, ಎಲ್ಲವನ್ನೂ ಒಪ್ಪಿಸಿ ರಸೀದಿ ಪಡೆದಿದ್ದೇನೆ. ನನ್ನ ಲೈಸೆನ್ಸನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಮೊನ್ನೆ ರಾತ್ರಿ ಅಂಗಡಿಯಿಂದ ಫೋನ್ ಬಂತು. "ಹಳೆಯ ಸಂಬಂಧ ಸಾಹುಕಾರರೇ, ಡಬ್ಬಿ ತಂದುಕೊಡಿ, ಪೂರ್ತಿ ಹಣ ವಾಪಸು ಕೊಡುತ್ತೇವೆ. ಬರುವಾಗ ಬಿಲ್ಲನ್ನೂ ತನ್ನಿ." ಡಬ್ಬಿ ಈಗ ಎಲ್ಲಿದೆ ಎಂದು ಹೇಳಿದೆ. ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ, ಆಮೇಲೆ ಫೋನ್ ಇಟ್ಟರು.