ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಕಟ್ಟುವವರು ಅರ್ಜಿ ತುಂಬಿಸೋಕೆ ಬಳ್ಳಾರಿಯ ಈ ಅಂಗಡಿಗೆ ಹೋಗಿ

ಬಳ್ಳಾರಿ ಊರೊಳಗೆ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಗಳಿಗೆ ಬರವಿಲ್ಲ. ಆದರೆ ಹತ್ತನೇ ಕ್ಲಾಸ್ ಪರೀಕ್ಷೆಯನ್ನು ಖಾಸಗಿಯಾಗಿ, ಅಂದರೆ ಶಾಲೆಗೆ ಸೇರದೆ ಹೊರಗಿನಿಂದ, ಕಟ್ಟಬೇಕು ಅಂತ ಯಾರಾದರೂ ಕೇಳಿದರೆ ನಾನು ಈಗ ಒಂದೇ ಅಂಗಡಿ ಹೇಳುತ್ತೇನೆ. ಮೋತಿ ಸರ್ಕಲ್ ದಾಟಿ ಕೌಲ್ ಬಜಾರ್ ಕಡೆ ಹೋಗುವಾಗ ಒಳ ರಸ್ತೆಯಲ್ಲಿರುವ ಪುಟ್ಟ ಜೆರಾಕ್ಸ್ ಅಂಗಡಿ. ಬೋರ್ಡಿನ ಮೇಲೆ ಹೆಸರಿಲ್ಲ. ‘ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ’ ಅಂತ ಇದೆ, ಅಷ್ಟೇ. ಗಂಡ ಜೆರಾಕ್ಸ್ ನೋಡಿಕೊಳ್ಳುತ್ತಾರೆ, ಹೆಂಡತಿ ಕಂಪ್ಯೂಟರ್ ಮುಂದೆ ಕೂತಿರುತ್ತಾರೆ. ಅಲ್ಲಿಗೆ ಬರುವವರೆಲ್ಲ ಅವರನ್ನು ಅಕ್ಕ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ.

ನಾನು ಹೋಗಿದ್ದು ನನ್ನ ನಾದಿನಿಗಾಗಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಜೀನ್ಸ್ ಹೊಲಿಯೋಕೆ ಸೇರಿದವಳು. ನಮ್ಮ ಊರಲ್ಲಿ ಅದು ಹೊಸದೇನಲ್ಲ, ಓಣಿಗೊಂದು ಹೊಲಿಗೆ ಘಟಕ ಇದೆ. ಅಂಗನವಾಡಿ ಸಹಾಯಕಿ ಕೆಲಸಕ್ಕೂ ಈಗ ಹತ್ತನೇ ಕ್ಲಾಸ್ ಪಾಸಾಗಿರಬೇಕು ಅಂತ ಕೇಳುತ್ತಾರೆ, ಹಾಗಾಗಿ ಮದುವೆಗೆ ಮುಂಚೆ ಪರೀಕ್ಷೆ ಕಟ್ಟೇ ಕಟ್ಟುತ್ತೇನೆ ಅಂತ ಅವಳು ಹಟ ಹಿಡಿದಳು. ಪೀಸ್ ಲೆಕ್ಕದ ಕೂಲಿ ಅವಳದು. ಒಂದು ದಿನ ಕೆಲಸ ತಪ್ಪಿದರೆ ಆ ದಿನದ ದುಡ್ಡು ಹೋದ ಹಾಗೇ. ಇಂಥವರನ್ನು ‘ಆ ಕಾಗದ ಇಲ್ಲ, ನಾಳೆ ಬಾ, ಸರ್ವರ್ ಇಲ್ಲ, ನಾಡಿದ್ದು ಬಾ’ ಅಂತ ಅಲೆದಾಡಿಸಿದರೆ ಪರೀಕ್ಷೆಯ ಆಸೆಯನ್ನೇ ಬಿಟ್ಟುಬಿಡುತ್ತಾರೆ.

ಈ ಅಕ್ಕ ಮಾಡಿದ ಮೊದಲ ಒಳ್ಳೆ ಕೆಲಸ ಅಂದರೆ, ಫೋನಿನಲ್ಲೇ ಏನೇನು ತರಬೇಕು ಅಂತ ಹೇಳಿಬಿಟ್ಟರು. ಶಾಲೆ ಬಿಟ್ಟಾಗ ಕೊಟ್ಟ ಟಿಸಿ, ಆಧಾರ್, ಜಾತಿ ಪ್ರಮಾಣಪತ್ರ, ಹೊಸದಾಗಿ ತೆಗೆಸಿದ ಫೋಟೋ, ಬಿಳಿ ಹಾಳೆ ಮೇಲೆ ಮಾಡಿದ ಸಹಿ. ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಿದ್ದು, ಹುಡುಗಿಯನ್ನೂ ಅವಳ ಸ್ವಂತ ಮೊಬೈಲನ್ನೂ ಕರೆದುಕೊಂಡು ಬನ್ನಿ ಅಂತ. ನಾನೇ ಕಾಗದ ತಂದು ಕೊಡುತ್ತೇನೆ, ಅವಳು ಕೆಲಸಕ್ಕೆ ಹೋಗಲಿ ಅಂದರೆ ಒಪ್ಪಲೇ ಇಲ್ಲ. ಆಗ ನನಗೆ ಸ್ವಲ್ಪ ಸಿಟ್ಟು ಬಂತು, ಕೂಲಿ ಹೋಗುತ್ತಲ್ಲ ಅಂತ. ಅಂಗಡಿಗೆ ಹೋದ ಮೇಲೆ ಯಾಕೆ ಅಂತ ಗೊತ್ತಾಯಿತು.

ಆಧಾರ್ ಮತ್ತು ಟಿಸಿಯನ್ನು ಪಕ್ಕಪಕ್ಕ ಇಟ್ಟು, ಸ್ಕೇಲ್ ಹಿಡಿದು ಸಾಲು ಸಾಲಾಗಿ ನೋಡಿದರು. ಟಿಸಿಯಲ್ಲಿ ಹುಟ್ಟಿದ ತಾರೀಖು ಜುಲೈ ತಿಂಗಳದು. ಆಧಾರ್‌ನಲ್ಲಿ ಜನವರಿ 1. ನಮ್ಮ ಕಡೆ ಎಷ್ಟೋ ಜನರ ಆಧಾರ್ ಹೀಗೇ ಇದೆ, ಕಾರ್ಡ್ ಮಾಡಿಸುವಾಗ ಹುಟ್ಟಿದ ದಿನದ ದಾಖಲೆ ತೋರಿಸದೆ ವಯಸ್ಸು ಮಾತ್ರ ಹೇಳಿದವರಿಗೆ ಜನವರಿ 1 ಬಿದ್ದಿದೆ. ಬೇರೆ ಅಂಗಡಿಯಾಗಿದ್ದರೆ ಆಧಾರ್ ನೋಡಿ ಟಪಟಪ ಟೈಪ್ ಮಾಡಿ ಮುಗಿಸುತ್ತಿದ್ದರು. ಅಕ್ಕ ಟೈಪ್ ಮಾಡೋದು ನಿಲ್ಲಿಸಿ ಕೂತು ವಿವರಿಸಿದರು: ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಇದ್ದದ್ದೇ ಟಿಸಿಗೆ ಬಂದಿರುತ್ತದೆ, ಪರೀಕ್ಷೆ ಅರ್ಜಿಗೂ ಅದೇ ಹಾಕಬೇಕು, ಆಮೇಲೆ ಮಾರ್ಕ್ಸ್ ಕಾರ್ಡ್ ಬಂದ ಮೇಲೆ ಅದನ್ನೇ ತೋರಿಸಿ ಆಧಾರ್ ಸರಿ ಮಾಡಿಸಿಕೊಳ್ಳಿ, ಆದರೆ ಆಧಾರ್‌ನಲ್ಲಿ ಹುಟ್ಟಿದ ತಾರೀಖು ಬದಲಾಯಿಸೋಕೆ ಸಾಮಾನ್ಯವಾಗಿ ಒಂದೇ ಸಲ ಅವಕಾಶ, ಅದನ್ನು ಸುಮ್ನೆ ಕಳೆದುಕೊಳ್ಳಬೇಡಿ ಅಂತ.

ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಬೇಕಾದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಮ್ಮ ಜೀವನದಲ್ಲಿ ಏನೇನಕ್ಕೆ ಬೇಕಾಗುತ್ತದೆ ಅಂತ ಯೋಚಿಸಿ. ಪಾಸ್ ಆಗಿದ್ದೀರಿ ಅನ್ನೋದಕ್ಕಷ್ಟೇ ಅಲ್ಲ, ಹುಟ್ಟಿದ ದಿನಕ್ಕೂ ಅದೇ ಸಾಕ್ಷಿ. ನೌಕರಿ ಅರ್ಜಿ, ಪಾಸ್‌ಪೋರ್ಟ್, ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ. ನಮ್ಮ ಕಲ್ಯಾಣ ಕರ್ನಾಟಕದವರಿಗಂತೂ ನೌಕರಿ, ಸೀಟಿನ ಮೀಸಲಾತಿಗೆ ಬೇಕಾಗುವ 371(ಜೆ) ಪ್ರಮಾಣಪತ್ರ ಒಂದು ಇದೆ. ಅದರಲ್ಲೊಂದು ಹೆಸರು, ಅಂಕಪಟ್ಟಿಯಲ್ಲೊಂದು ಹೆಸರು ಇದ್ದರೆ ನೌಕರಿಯ ದಾಖಲೆ ಪರಿಶೀಲನೆ ದಿನ ಎದೆ ಡವಡವ. ಒಮ್ಮೆ ಅಚ್ಚಾದ ಮೇಲೆ ತಿದ್ದಿಸಬೇಕು ಅಂದರೆ ಶಾಲೆಯಿಂದ ಶುರು ಮಾಡಿ ಮೇಲಿನ ಆಫೀಸುಗಳ ತನಕ ಕಾಗದ ಹೋಗಬೇಕು, ನಡುವೆ ಅಫಿಡವಿಟ್ಟು, ನೋಟರಿ ಖರ್ಚು ಬೇರೆ. ಅರ್ಜಿ ತುಂಬುವಾಗ ಹತ್ತು ನಿಮಿಷ ಜಾಸ್ತಿ ಕೂತರೆ ಇದೆಲ್ಲ ತಪ್ಪುತ್ತದೆ.

ಆ ಹತ್ತು ನಿಮಿಷ ಈ ಅಂಗಡಿಯಲ್ಲಿ ಕೊಡುತ್ತಾರೆ. ಸಬ್‌ಮಿಟ್ ಒತ್ತುವ ಮುಂಚೆ ಅಕ್ಕ ಒಂದು ಪ್ರಿಂಟ್ ತೆಗೆದು ನಾದಿನಿ ಕೈಗೆ ಪೆನ್ನು ಕೊಟ್ಟರು. ‘ಒಂದೊಂದು ಅಕ್ಷರ ಬೆರಳಿಟ್ಟು ಓದವ್ವಾ, ಗಟ್ಟಿಯಾಗಿ ಓದು, ನಾಚಿಕೋಬೇಡ, ಓದಿ ಮುಗಿಸೋ ತನಕ ನಾನು ಒತ್ತಂಗಿಲ್ಲ’ ಅಂದರು. ಹಿಂದೆ ಜೆರಾಕ್ಸಿಗೆ ನಿಂತ ಜನ ಗಡಿಬಿಡಿ ಮಾಡುತ್ತಿದ್ದರೂ ಅಲುಗಾಡಲಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ಅವ್ವನ ಹೆಸರು, ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ಅವ್ವನ ಹೆಸರಿನ ಇಂಗ್ಲಿಷ್ ಅಕ್ಷರದಲ್ಲಿ ಒಂದು ‘ಎಂ’ ಕಡಿಮೆ ಬಿದ್ದಿತ್ತು. ನಾದಿನಿಯೇ ಹಿಡಿದಳು! ಪೆನ್ನಿನಿಂದ ಸುತ್ತು ಹಾಕಿ ತೋರಿಸಿದಳು. ನಮ್ಮ ಕಡೆ ಹುಲಿಗೆಮ್ಮ, ಹುಲುಗಮ್ಮ, ಎರ್ರಿಸ್ವಾಮಿ, ಯರಿಸ್ವಾಮಿ ಹೀಗೆ ಒಂದೇ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಅದಕ್ಕೇ ಅಭ್ಯರ್ಥಿ ಎದುರಿಗೆ ಇರಬೇಕು ಅಂತ ಅಕ್ಕ ಹಟ ಮಾಡೋದು. ಈಗ ನನಗೂ ಅದೇ ಸರಿ ಅನ್ನಿಸುತ್ತದೆ.

ಹೆಸರಿನಷ್ಟೇ ಗಮನ ಕೊಡಬೇಕಾದ್ದು ಮಾಧ್ಯಮ ಮತ್ತು ಭಾಷೆಗಳು. ಬಳ್ಳಾರಿಯಲ್ಲಿ ಕನ್ನಡ ಮಾಧ್ಯಮದವರು ಇದ್ದಾರೆ, ಇಂಗ್ಲಿಷ್, ಉರ್ದು, ತೆಲುಗು ಮಾಧ್ಯಮದಲ್ಲಿ ಓದಿದವರೂ ಇದ್ದಾರೆ. ಅರ್ಜಿಯಲ್ಲಿ ಏನು ಆರಿಸಿರುತ್ತೀರೋ ಆ ಪ್ರಶ್ನೆಪತ್ರಿಕೆಯೇ ಪರೀಕ್ಷಾ ಕೇಂದ್ರಕ್ಕೆ ಬರೋದು. ಗಣಿತದ ದಿನ ಇಂಗ್ಲಿಷ್ ಪೇಪರ್ ಕೈಗೆ ಬಂದರೆ ಅಲ್ಲಿ ಯಾರ ಜೊತೆ ಜಗಳ ಮಾಡ್ತೀರಿ? ಅಕ್ಕ ಇದನ್ನು ಬೇರೆ ಹಾಳೆಯಲ್ಲಿ ಬರೆದು ಕೇಳಿದರು: ಪ್ರಥಮ ಭಾಷೆ ಯಾವುದು, ದ್ವಿತೀಯ ಯಾವುದು, ತೃತೀಯ ಯಾವುದು, ಉಳಿದ ವಿಷಯ ಯಾವ ಮಾಧ್ಯಮ.

ಇನ್ನೊಂದು ಮಾತು ಅಲ್ಲೇ ಗೊತ್ತಾಯಿತು, ಖಾಸಗಿಯಾಗಿ ಕಟ್ಟುವವರು ಪುಸ್ತಕ ಹಿಡಿಯುವ ಮುಂಚೆ ಇದನ್ನು ತಿಳಿದಿರಲೇಬೇಕು. ಶಾಲೆಗೆ ಹೋಗುವ ಮಕ್ಕಳಿಗೆ ಗಣಿತ, ವಿಜ್ಞಾನ, ಸಮಾಜದಂಥ ವಿಷಯಗಳಲ್ಲಿ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಶಾಲೆಯವರು ಕೊಡುವ ಆಂತರಿಕ ಅಂಕ. ಹೊರಗಿನಿಂದ ಕಟ್ಟುವವರಿಗೆ ಆಂತರಿಕ ಅಂಕ ಇಲ್ಲ, ಹಾಗಾಗಿ ಅವರದು 100 ಅಂಕದ ಪ್ರಶ್ನೆಪತ್ರಿಕೆ. ಹಳೆ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸುವಾಗ ಮೇಲೆ ಸಿಸಿಇ ಆರ್‌ಎಫ್ ಅಂತ ಇದ್ದರೆ ಅದು ಶಾಲೆ ಮಕ್ಕಳದು, ಸಿಸಿಇ ಪಿಎಫ್ ಅಂತ ಇದ್ದರೆ ಖಾಸಗಿಯವರದು. ಅಕ್ಕನ ಗಂಡ ಕಪಾಟಿನಿಂದ ಪಿಎಫ್ ಪೇಪರ್‌ಗಳ ಕಟ್ಟನ್ನೇ ತೆಗೆದು ಕೊಟ್ಟರು. ಬೇರೆ ಅಂಗಡಿಯಲ್ಲಿ ಕೇಳಿದ್ದರೆ ‘ಎಲ್ಲಾ ಒಂದೇ ಬಿಡಿ’ ಅಂತ 80 ಅಂಕದ್ದು ಕೈಗಿಡುತ್ತಿದ್ದರು.

ಮೊಬೈಲ್ ನಂಬರ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದರಿಂದಲೇ ನಮ್ಮ ಓಣಿಯ ಒಬ್ಬ ಹುಡುಗನಿಗೆ ಹಿಂದಿನ ವರ್ಷ ತುಂಬಾ ತೊಂದರೆ ಆಯಿತು. ಅವನು ಹೋದ ಅಂಗಡಿಯವರು ಓಟಿಪಿ ಬೇಗ ಬರಲಿ ಅಂತ ತಮ್ಮದೇ ನಂಬರ್ ಹಾಕಿಕೊಂಡಿದ್ದರು. ಆಮೇಲೆ ಬಂದ ಮೆಸೇಜುಗಳೆಲ್ಲ ಅವರ ಫೋನಿಗೆ. ಇವನಿಗೆ ಏನೂ ಗೊತ್ತಾಗಲಿಲ್ಲ, ಹಾಲ್ ಟಿಕೆಟ್ ಬಂದಿದೆ ಅಂತ ಬೇರೆಯವರ ಬಾಯಿಂದ ಕೇಳಿ ಕೊನೆ ಗಳಿಗೆಯಲ್ಲಿ ಓಡಾಡಿದ. ಎಷ್ಟೋ ಅಂಗಡಿಗಳಲ್ಲಿ ಇದು ಮಾಮೂಲಿ ಆಗಿಬಿಟ್ಟಿದೆ, ನನಗೆ ಇದರ ಬಗ್ಗೆ ನಿಜವಾಗಿಯೂ ಕೋಪ ಇದೆ. ಕೂಲಿ ಮಾಡಿ ಓದುವ ಮಕ್ಕಳ ವರ್ಷ ಅದು. ಈ ಅಕ್ಕ ನಾದಿನಿ ಫೋನಿಗೇ ಓಟಿಪಿ ಬರುವಂತೆ ಮಾಡಿ, ಲಾಗಿನ್ ವಿವರವನ್ನು ಅವಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅವಳ ಕೈಯಿಂದಲೇ ಬರೆಸಿದರು. ಅದರ ಫೋಟೋ ತೆಗೆದಿಟ್ಟುಕೋ ಅಂತಲೂ ಹೇಳಿದರು.

ದುಡ್ಡಿನ ವಿಷಯದಲ್ಲಿ ಲೆಕ್ಕ ಚೊಕ್ಕ. ಪರೀಕ್ಷಾ ಮಂಡಲಿಗೆ ಕಟ್ಟುವ ಶುಲ್ಕ ಬೇರೆ, ತಮ್ಮ ಕೂಲಿ ಬೇರೆ ಅಂತ ಮೊದಲೇ ಬಿಡಿಸಿ ಹೇಳಿದರು. ಶುಲ್ಕ ಕಟ್ಟಿದ ರಸೀದಿ ಪ್ರಿಂಟ್ ಕೈಗೆ ಕೊಟ್ಟರು. ಅವರ ಕೂಲಿ 100 ರೂಪಾಯಿ, ಸ್ಕ್ಯಾನ್, ಪ್ರಿಂಟ್ ಎಲ್ಲ ಸೇರಿ. ಸುತ್ತಮುತ್ತಲಿನ ಅಂಗಡಿಗಳಿಗಿಂತ ಸ್ವಲ್ಪ ಜಾಸ್ತಿ ಅನ್ನಿಸಬಹುದು, ನನಗೆ ಅನ್ನಿಸಲಿಲ್ಲ. ಅರ್ಜಿ ಹಾಕಿದರೆ ಕೆಲಸ ಮುಗೀತು ಅಂದುಕೊಳ್ಳಬೇಡಿ, ಪ್ರಿಂಟ್ ಮತ್ತು ಮೂಲ ದಾಖಲೆ ಹಿಡಿದು ನಿಗದಿ ಮಾಡಿದ ಪ್ರೌಢಶಾಲೆಗೆ ಹೋಗಿ ತೋರಿಸಬೇಕು ಅಂತ ಎಚ್ಚರಿಸಿ, ಒಂದು ಸೆಟ್ ಜೆರಾಕ್ಸ್ ಪಿನ್ ಹೊಡೆದು ಕವರಿನಲ್ಲಿ ಹಾಕಿ ಕೊಟ್ಟರು. ನಾವು ಶಾಲೆಗೆ ಹೋದಾಗ ಒಂದೇ ಸಲಕ್ಕೆ ಕೆಲಸ ಆಯಿತು.

ಅಲ್ಲಿ ಕೂತಿದ್ದಾಗ ಒಬ್ಬ ಮೇಷ್ಟ್ರು ತಮ್ಮ ಶಾಲೆಯ ನಾಮಿನಲ್ ರೋಲ್, ಅಂದರೆ ಪರೀಕ್ಷೆಗೆ ಕೂರುವ ಮಕ್ಕಳ ಹೆಸರು, ವಿವರದ ಪಟ್ಟಿಯ ಪ್ರಿಂಟ್ ಹಿಡಿದು ಬಂದಿದ್ದರು, ಪೋಷಕರಿಗೆ ತೋರಿಸೋಕೆ ಪ್ರತಿ ಮಾಡಿಸಲು. ಶಾಲೆಗೆ ಹೋಗುವ ಮಕ್ಕಳ ವಿವರವನ್ನು ಹೆಡ್‌ಮಾಸ್ಟರೇ ಆನ್‌ಲೈನಲ್ಲಿ ತುಂಬುತ್ತಾರೆ, ಸ್ಯಾಟ್ಸ್ ಅನ್ನುವ ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯಲ್ಲಿ ಏನಿದೆಯೋ ಅದನ್ನು ನೋಡಿ. ಆದರೂ ಮನೆಯವರು ನೋಡಬೇಕು ಅಂತ ಆ ಮೇಷ್ಟ್ರು ಹಳ್ಳಿಯಿಂದ ಬಂದು ಪ್ರತಿ ಮಾಡಿಸುತ್ತಿದ್ದರು. ಮಗ, ಮಗಳು ರೆಗ್ಯುಲರ್ ಆಗಿ ಓದುತ್ತಿದ್ದರೂ ಶಾಲೆಗೆ ಹೋಗಿ ಆ ಹಾಳೆ ತೋರಿಸಿ ಅಂತ ಕೇಳಿ. ಸಹಿ ಹಾಕಿ ಅಂದರೆ ಓದದೆ ಹಾಕಬೇಡಿ.

2023-24ರಲ್ಲಿ ವರ್ಷಕ್ಕೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ಮೂರು ಅವಕಾಶ ಶುರು ಮಾಡಿದ್ದರು, ಈಗಲೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಇದೆ, ಮೊದಲನೆಯದರಲ್ಲಿ ಹೋದರೆ ಇಡೀ ವರ್ಷ ಕಾಯಬೇಕಿಲ್ಲ. ಆದರೆ ಫಲಿತಾಂಶ ಬಂದ ಮೇಲೆ ಮುಂದಿನ ಪರೀಕ್ಷೆಗೆ ಅರ್ಜಿ ಹಾಕೋಕೆ ಸಿಗುವ ದಿನ ಬಹಳ ಕಡಿಮೆ. ಅದಕ್ಕೇ ಕಾಗದಗಳಿರುವ ಕವರನ್ನು ಎಲ್ಲೋ ಒಳಗೆ ಇಟ್ಟುಬಿಡಬೇಡಿ, ಕೈಗೆ ಸಿಗುವ ಹಾಗೆ ಇಟ್ಟಿರಿ ಅಂತ ಅಕ್ಕ ಹೇಳಿದ್ದು ನನಗೆ ಹಿಡಿಸಿತು.

ಇಷ್ಟೆಲ್ಲ ಹೊಗಳಿದರೂ ಐದಕ್ಕೆ ನಾಲ್ಕೇ ಸ್ಟಾರ್ ಕೊಡುತ್ತೇನೆ. ಕೂರೋಕೆ ಜಾಗ ಇಲ್ಲ, ಇರೋದು ಎರಡೇ ಸ್ಟೂಲು, ಬಳ್ಳಾರಿ ಬಿಸಿಲಲ್ಲಿ ಬಾಗಿಲಿಗೆ ನಿಲ್ಲೋದು ಕಷ್ಟ. ಹಸುಗೂಸು ಎತ್ತಿಕೊಂಡು ಬಂದ ಒಬ್ಬ ಹೆಣ್ಣುಮಗಳು ನಿಂತೇ ಇದ್ದಳು. ಅದನ್ನಾದರೂ ಸಹಿಸಬಹುದು. ನಾನು ಸ್ಟಾರ್ ಕಿತ್ತುಕೊಂಡಿದ್ದು ಬೇರೆ ಕಾರಣಕ್ಕೆ. ಸ್ಕ್ಯಾನ್ ಮಾಡಿದ ಆಧಾರ್, ಟಿಸಿ, ಜಾತಿ ಪ್ರಮಾಣಪತ್ರ ಎಲ್ಲ ಆ ಕಂಪ್ಯೂಟರಿನಲ್ಲೇ ಉಳಿದಿರುತ್ತವೆ. ಪರದೆ ಮೇಲೆ ಯಾರ ಯಾರದೋ ಹೆಸರಿನ ಫೈಲುಗಳು ಸಾಲಾಗಿ ಕಾಣುತ್ತಿದ್ದವು. ನಮ್ಮದನ್ನು ಅಳಿಸಿ ಅಂತ ಕೇಳಿದ ಕೂಡಲೇ ನಮ್ಮ ಎದುರಿಗೇ ಅಳಿಸಿದರು, ಮುಖ ಗಂಟು ಹಾಕಿಕೊಳ್ಳಲಿಲ್ಲ. ಆದರೆ ಕೇಳದೆ ಇದ್ದವರದು? ಅಷ್ಟು ಜೋಪಾನವಾಗಿ ಕೆಲಸ ಮಾಡುವವರು ಇದನ್ನೂ ದಿನದ ಕೊನೆಗೆ ತಾವೇ ಮಾಡಬೇಕು. ಅಕ್ಕನಿಗೆ ನೇರವಾಗಿಯೇ ಹೇಳಿ ಬಂದಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ.

ಹೋಗುವವರು ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ, ಆಗ ಸರ್ವರ್ ಕೂಡ ಚುರುಕಾಗಿರುತ್ತದೆ, ಅಕ್ಕನಿಗೂ ಬಿಡುವಿರುತ್ತದೆ. ಕೊನೆ ದಿನಾಂಕದ ಹತ್ತಿರ ಮಾತ್ರ ಹೋಗಬೇಡಿ, ಜನ ರಸ್ತೆ ತನಕ ನಿಂತಿರುತ್ತಾರೆ. ಟಿಸಿ ಕಳೆದುಹೋಗಿದ್ದರೆ ಮೊದಲು ಟಿಸಿ ಕೊಟ್ಟ ಶಾಲೆಗೆ ಹೋಗಿ ಅದರ ಪ್ರತಿಗೆ ಅರ್ಜಿ ಕೊಡಿ, ಅದಿಲ್ಲದೆ ಅಕ್ಕ ಮುಂದಕ್ಕೆ ಹೋಗೋದೇ ಇಲ್ಲ. ಬೈಕ್ ನಿಲ್ಲಿಸೋಕೆ ಅಂಗಡಿ ಮುಂದೆ ಜಾಗ ಸಿಗೋದಿಲ್ಲ, ಮುಖ್ಯ ರಸ್ತೆಯಲ್ಲೇ ಬಿಟ್ಟು ನಡೆದು ಬನ್ನಿ.